ಕಂಚಿನೊಳಗಿನ ಉಕ್ಕು

ಕೇಳುಗರಿಗೆ ನಮಸ್ಕಾರ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಉಳಿ ಹಿಡಿದು ಕೂತಿರುವವರು, ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ ಕಡೆ ದಿನವೂ ಓಡಾಡುವವರು, ತುಮಕೂರಿನಲ್ಲಿ ಚಿತ್ರಕಲೆ ಕಲಿಯುತ್ತಿರುವ ಮಕ್ಕಳು, ಇವತ್ತಿನ ಮಾತು ನಿಮಗೆ.

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ನಿಂತ ಕೆಂಪೇಗೌಡರನ್ನು ನೋಡಿರುತ್ತೀರಿ. ಶಿಲ್ಪಿ ರಾಮ್ ವಿ. ಸುತಾರ್. ಅನಾವರಣವಾದದ್ದು 2022ರ ನವೆಂಬರ್ 11ರಂದು. ಅದಕ್ಕೂ ಮೊದಲು ಈ ಪ್ರತಿಮೆಗೆಂದು ನಿಮ್ಮೂರಿಗೂ ಮಣ್ಣು ಕೇಳಿಕೊಂಡು ರಥ ಬಂದಿರಬಹುದು. ಹೋದವರೆಲ್ಲ ಫೋಟೊ ತೆಗೆದುಕೊಂಡು, ಎಷ್ಟು ಅಡಿ ಅಂತ ಕೇಳಿ ಹೊರಟುಬಿಡುತ್ತಾರೆ. 108 ಅಡಿ. ಆಯಿತಲ್ಲ? ದಯವಿಟ್ಟು ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಒಳಗೇನಿದೆ?

ಕಂಚು 98 ಟನ್, ಉಕ್ಕು 120 ಟನ್. ಕಾಣುವ ಕಂಚಿಗಿಂತ ಕಾಣದ ಉಕ್ಕೇ ಭಾರ. ಕಂಚು ಮುಖ ಕೊಡುತ್ತದೆ, ಬಟ್ಟೆಯ ಮಡಿಕೆ ಕೊಡುತ್ತದೆ, ಮೀಸೆ ಕೊಡುತ್ತದೆ. ಗಾಳಿಯನ್ನು ತಡೆದು ನಿಲ್ಲುವುದು ಉಕ್ಕು. ಕೈಯಲ್ಲಿರುವ ಕತ್ತಿಯೊಂದೇ 4 ಟನ್. ದೆಹಲಿಯಿಂದ ಲಾರಿಯಲ್ಲಿ ಬಂತು.

ಇಂಥ ದೊಡ್ಡ ಪ್ರತಿಮೆಯನ್ನು ಒಂದೇ ಎರಕದಲ್ಲಿ ಹೊಯ್ಯುವುದಿಲ್ಲ. ಮೊದಲು ಮಣ್ಣಿನಲ್ಲಿ ಚಿಕ್ಕ ಮಾದರಿ. ಅದನ್ನು ಅಳತೆ ಹಿಡಿದು ಹಿಗ್ಗಿಸಿ, ತುಂಡು ತುಂಡಾಗಿ ಅಚ್ಚು ತೆಗೆದು ಎರಕ ಹೊಯ್ಯುತ್ತಾರೆ. ಕಂಚು ಆರುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ. ಆ ಲೆಕ್ಕ ಹಿಡಿದು ಅಚ್ಚನ್ನು ದೊಡ್ಡದು ಮಾಡದಿದ್ದರೆ 108 ಅಡಿಯಲ್ಲಿ ಒಂದೂವರೆ ಅಡಿ ಮಾಯ! ಅದಕ್ಕಿಂತ ಕಷ್ಟ, ಒಂದು ತುಂಡಿನ ಅಂಚು ಪಕ್ಕದ ತುಂಡಿಗೆ ಕೂರುವುದೇ ಇಲ್ಲ. ಕೂತ ಮೇಲೆ ಬೆಸುಗೆ, ಬೆಸುಗೆಯ ಗೆರೆ ಕಾಣದಂತೆ ಅರೆಯುವುದು, ಆಮೇಲೆ ಬಣ್ಣ ಬರಿಸಲು ರಾಸಾಯನಿಕ, ಮೇಲೆ ಮೇಣ.

ಒಳಗಿನದು ಕೆಟ್ಟರೆ ಏನಾಗುತ್ತದೆ? ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯ ದೇವಿಯನ್ನು ನೋಡಿ. ಹೊರಗಿನ ರೂಪ ಬಾರ್ತೋಲ್ದಿ ಎಂಬ ಶಿಲ್ಪಿಯದು, ಒಳಗಿನ ಅಸ್ಥಿಪಂಜರ ಐಫೆಲ್‌ನದು, ಮುಂದೆ ಪ್ಯಾರಿಸ್ ಗೋಪುರ ಕಟ್ಟಿದವನು. 1886ರಲ್ಲಿ ನಿಂತಳು. ಮೈಮೇಲಿನ ತಾಮ್ರದ ತಗಡು ಬರೀ 2.4 ಮಿಲಿಮೀಟರ್. ತಗಡಿನ ಆಕಾರಕ್ಕೆ ತಕ್ಕಂತೆ ಬಗ್ಗಿಸಿದ ಕಬ್ಬಿಣದ ಪಟ್ಟಿಗಳು ಅದನ್ನು ಹಿಡಿದಿದ್ದವು. ತಾಮ್ರಕ್ಕೂ ಕಬ್ಬಿಣಕ್ಕೂ ಆಗಿಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಅದಕ್ಕೇ ನಡುವೆ ಅರಗಿನಲ್ಲಿ ನೆನೆಸಿದ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇಟ್ಟರು. ಅದು ವರ್ಷಗಳು ಕಳೆದಂತೆ ಒಣಗಿ ಪುಡಿಯಾಯಿತು. ಉಪ್ಪುನೀರಿನ ಗಾಳಿ, ಒಳಗಡೆ ಬೆವರಿದ ತೇವ. ಎರಡು ಲೋಹ, ನಡುವೆ ಉಪ್ಪುನೀರು, ಅಂದರೆ ಅದೊಂದು ಬ್ಯಾಟರಿ. ಬಚ್ಚಲಿನ ತಾಮ್ರದ ಹಂಡೆಗೆ ಕಬ್ಬಿಣ ತಾಗಿಸಿಟ್ಟರೆ ಕಬ್ಬಿಣಕ್ಕೇ ತುಕ್ಕು ಹಿಡಿಯುವುದಿಲ್ಲವೇ, ಹಾಗೆ. ತುಕ್ಕು ಸುಮ್ಮನೆ ತಿನ್ನುವುದಿಲ್ಲ, ಉಬ್ಬುತ್ತದೆ. ಉಬ್ಬಿದ ಪಟ್ಟಿ ರಿವೆಟ್‌ಗಳನ್ನು ಕಿತ್ತಿತು, ಕಿತ್ತ ತೂತಿನಿಂದ ಇನ್ನಷ್ಟು ಮಳೆನೀರು ಒಳಗೆ. 1984ರಿಂದ 1986ರವರೆಗೆ ಸುಮಾರು 1,800 ಪಟ್ಟಿಗಳನ್ನು ಬದಲಾಯಿಸಬೇಕಾಯಿತು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ತಗಡು ಸೊಟ್ಟಗಾಗುತ್ತದೆ. ಒಮ್ಮೆಗೆ ಕೆಲವನ್ನೇ ಬಿಚ್ಚಿ, ಅದೇ ಆಕಾರಕ್ಕೆ ಸ್ಟೇನ್‌ಲೆಸ್ ಉಕ್ಕನ್ನು ಬಗ್ಗಿಸಿ, ಲೋಹಕ್ಕೆ ಲೋಹ ತಾಗದಂತೆ ನಡುವೆ ಟೆಫ್ಲಾನ್ ಎಂಬ ಪ್ಲಾಸ್ಟಿಕ್ ಇಟ್ಟು ಕೂರಿಸಿದರು. ಹೊರಗಿನ ತಾಮ್ರ ಹೆಚ್ಚುಕಡಿಮೆ ಹಾಗೇ ಗಟ್ಟಿಯಾಗಿತ್ತು. ನೂರು ವರ್ಷದಲ್ಲಿ ಕೆಟ್ಟದ್ದು ಒಳಗಿನದು. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಒಳಗೇನಿದೆ ಕೇಳಿ.

ಶಿವಾರಪಟ್ಟಣದವರೇ, ನಿಮ್ಮ ಕಲ್ಲಿಗೂ ಇದೇ ಮಾತು. ವಿಗ್ರಹವನ್ನು ಪೀಠಕ್ಕೆ ಕೂರಿಸುವಾಗ ಅಂಗಡಿಯಲ್ಲಿ ಸಿಕ್ಕ ಕಟ್ಟಡದ ಕಂಬಿ ಹಾಕಬೇಡಿ. ತೇವ ಇಳಿದು ಅದು ಉಬ್ಬಿದರೆ ಕಾಲಿನ ಬಳಿಯೇ ಕಲ್ಲು ಸೀಳುತ್ತದೆ, ಜನ ಕಲ್ಲು ಸರಿಯಿಲ್ಲ ಅನ್ನುತ್ತಾರೆ. ಸ್ಟೇನ್‌ಲೆಸ್ ಕಂಬಿಯೇ ಬೇಕು. ತೂತು ಕಂಬಿಗಿಂತ ನಾಲ್ಕೈದು ಮಿಲಿಮೀಟರ್ ಅಗಲವಿರಲಿ. ಕೊರೆದ ಮೇಲೆ ಒಳಗಿನ ಪುಡಿಯನ್ನು ಗಾಳಿ ಊದಿ ಪೂರ್ತಿ ತೆಗೆಯಿರಿ. ಪುಡಿ ಉಳಿದರೆ ಕಂಬಿ ಹಿಡಿಸುವ ಎಪಾಕ್ಸಿ ಅಂಟು ಅಂಟುವುದು ಪುಡಿಗೆ, ಕಲ್ಲಿಗಲ್ಲ. ತಳದಿಂದ ತುಂಬುತ್ತ ಬನ್ನಿ, 24 ಗಂಟೆ ಅಲುಗಿಸಬೇಡಿ.

ವಿಮಾನ ನಿಲ್ದಾಣದಂಥ ಕಟ್ಟಡಕ್ಕೆ ಕೆಲಸ ಒಪ್ಪಿಕೊಂಡರೆ ತೂಕವನ್ನೂ ಮೊದಲೇ ಹೇಳಿಬಿಡಿ. ಗಟ್ಟಿ ಕಲ್ಲು ಘನ ಅಡಿಗೆ ಸುಮಾರು 75 ಕೆ.ಜಿ. ತೂಗುತ್ತದೆ. 20 ಘನ ಅಡಿಯ ವಿಗ್ರಹ ಅಂದರೆ ಒಂದೂವರೆ ಟನ್. ಜನ ಓಡಾಡುವ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 500 ಕೆ.ಜಿ. ಲೆಕ್ಕದಲ್ಲಿ ಕಟ್ಟಿರುತ್ತಾರೆ. ಆದ್ದರಿಂದ ಉಳಿ ಎತ್ತುವ ಮೊದಲೇ ಎಂಜಿನಿಯರ್ ಹತ್ತಿರ ಹೋಗಿ, ತೊಲೆ ಎಲ್ಲಿ ಹಾದಿದೆ ಎಂದು ಕೇಳಿ. ಆಮೇಲೆ ಕೇಳಿದರೆ ವಿಗ್ರಹ ಬಾಗಿಲಲ್ಲೇ ಉಳಿಯುತ್ತದೆ.

ಸಮಯ ಕಡಿಮೆಯಿದೆ, ತೊಗಲು ಗೊಂಬೆಯವರಿಗೆ ಎರಡೇ ಮಾತು. ನಿಮ್ಮ ಗೊಂಬೆಯನ್ನು ವಿಮಾನ ನಿಲ್ದಾಣದ ಗೋಡೆಗೆ ಹಾಕಿದರೆ ಅಲ್ಲಿನ ಏಸಿ ಗಾಳಿಗೆ ತೊಗಲು ಒಣಗಿ ಬಿಗಿಯುತ್ತದೆ. ಸುತ್ತಲೂ ಮೊಳೆ ಹೊಡೆದಿದ್ದರೆ ಮೊಳೆಯ ಬಳಿಯೇ ಹರಿಯುತ್ತದೆ. ಮೇಲಂಚನ್ನು ಮಾತ್ರ ಹಿಡಿದು ತೂಗುಬಿಡಿ. ಹಿಂದಿನ ದೀಪ ಬಿಸಿಯಾಗದ ಎಲ್ಇಡಿ ಇರಲಿ, ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟದಿರಲಿ. ದಾಟಿದರೆ ಎಲೆಯಿಂದ, ಹೂವಿನಿಂದ ತೆಗೆದ ಬಣ್ಣಗಳು ಬೇಗ ಮಾಸುತ್ತವೆ. ಗುತ್ತಿಗೆಯ ಕಾಗದಕ್ಕೆ ಸಹಿ ಹಾಕುವ ದಿನವೇ ಈ ಎರಡನ್ನೂ ಬರೆಸಿಕೊಳ್ಳಿ. ನಮಸ್ಕಾರ.