ಸೂಟ್‌ಕೇಸಿನಲ್ಲಿ ಸಾರಿನ ಪುಡಿ

ಕೇಳುಗರಿಗೆ ನಮಸ್ಕಾರ.

ನನ್ನ ಅಕ್ಕ ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿ. ಹಾಸನದ ನಮ್ಮ ಮನೆಯಲ್ಲಿ ಸೂಟ್‌ಕೇಸ್ ತೂಗುತ್ತಿದ್ದೆವು. 23 ಕೆಜಿ ಮೀರುವ ಹಾಗಿರಲಿಲ್ಲ. ಮುಳ್ಳು 24ಕ್ಕೆ ಬಂತು. ಅಕ್ಕ ಎರಡು ರೇಷ್ಮೆ ಸೀರೆ ತೆಗೆದು ಆಚೆ ಇಟ್ಟಳು. ಅಮ್ಮ ಹುರಿದು ಬೀಸಿಸಿದ್ದ ಸಾರಿನ ಪುಡಿಯನ್ನು ಮಾತ್ರ ಮುಟ್ಟಲಿಲ್ಲ.

ಪರದೇಶದಲ್ಲಿ ನೆಲೆಸಿದ ನಮ್ಮ ಹೆಣ್ಣುಮಕ್ಕಳು ಬರೆದ ಕಥೆಗಳನ್ನು ಓದುವಾಗೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ. ಜುಂಪಾ ಲಾಹಿರಿ ಅವರ 2003ರ ಕಾದಂಬರಿ ‘ದಿ ನೇಮ್‌ಸೇಕ್’ ಶುರುವಾಗುವುದೇ ಅಡುಗೆಮನೆಯಲ್ಲಿ. ಕಾಲ 1968. ಕೋಲ್ಕತ್ತದ ಆಶಿಮಾ ಈಗ ಅಮೆರಿಕದಲ್ಲಿ ತುಂಬು ಬಸುರಿ. ಅಲ್ಲಿಯವರು ಹಾಲಿಗೆ ಹಾಕಿಕೊಂಡು ತಿನ್ನುವ ಪುರಿಗೆ ಕಡಲೆಬೀಜ, ಈರುಳ್ಳಿ, ಉಪ್ಪು, ನಿಂಬೆರಸ, ಹಸಿಮೆಣಸಿನಕಾಯಿ ಸೇರಿಸಿ ಕಲಸುತ್ತಾಳೆ. ನಮ್ಮ ಸಂತೆಯ ಚುರುಮುರಿಯೇ ಅಲ್ವಾ? ಆದರೆ ಸಾಸಿವೆ ಎಣ್ಣೆ ಇಲ್ಲ. ಎಷ್ಟು ಕಲಸಿದರೂ ಏನೋ ಕಮ್ಮಿ.

ಚಿತ್ರಾ ಬ್ಯಾನರ್ಜಿ ದಿವಾಕರುಣಿ ಅವರ ‘ದಿ ಮಿಸ್ಟ್ರೆಸ್ ಆಫ್ ಸ್ಪೈಸಸ್’ನಲ್ಲಿ ಮಸಾಲೆ ಸಾಮಾನಿಗೇ ಜೀವವಿದೆ, ಹಟವಿದೆ. ಅಂಗಡಿ ನೋಡಿಕೊಳ್ಳುವ ತಿಲೋ ಮಾತು ಮೀರಿದರೆ ಅವು ಮುನಿಯುತ್ತವೆ. ಅಮೆರಿಕದಲ್ಲಿ ಭೌತಶಾಸ್ತ್ರ ಪಾಠ ಹೇಳುವ ವಂದನಾ ಸಿಂಗ್ ಅವರ ಒಂದು ಕಥೆಯಲ್ಲಂತೂ ಗೃಹಿಣಿಯೊಬ್ಬಳು ಬೆಳಿಗ್ಗೆ ಎದ್ದು ಗಂಡನಿಗೆ ತಾನೊಂದು ಗ್ರಹ ಅನ್ನುತ್ತಾಳೆ. ಅವಳ ಬಾಯಿಂದ ಪುಟ್ಟ ಪುಟ್ಟ ಜೀವಿಗಳು ಹೊರಗೆ ಬರುತ್ತವೆ! ನಾನು ಅದನ್ನು ಓದಿ ಆ ರಾತ್ರಿ ನಿದ್ದೆ ಮಾಡಲಿಲ್ಲ.

ಮನುಷ್ಯರೇ ಎಲ್ಲಕ್ಕಿಂತ ಮೇಲೆ, ಎಲ್ಲದರಿಂದ ಬೇರೆ ಅನ್ನುವ ನಂಬಿಕೆಯನ್ನು ಪ್ರಶ್ನಿಸುವ ಈ ನೋಟಕ್ಕೆ ಪೋಸ್ಟ್‌ಹ್ಯೂಮನಿಸಂ ಅಂತ ಹೆಸರಿದೆ. ಹೆಸರು ಭಾರ. ಆದರೆ ಕಾಫಿ ಸೀಮೆಯ ನಮಗೆ ವಿಷಯ ದೂರದ್ದಲ್ಲ. ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದರು ಅನ್ನುವ ಕಥೆ ಕೇಳಿಕೊಂಡೇ ಬೆಳೆದವರು ನಾವು. ತೋಟದಲ್ಲಿ ನೆರಳು ಕೊಡುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಆ ನೆರಳಲ್ಲಿ ಇವತ್ತು ಹಣ್ಣು ಕುಯ್ಯುವವರಲ್ಲಿ ಅಸ್ಸಾಮಿನಿಂದ ಬಂದ ಹೆಂಗಸರೂ ಇದ್ದಾರೆ. ಅವರು ಗಂಟಿನಲ್ಲಿ ಏನು ಕಟ್ಟಿಕೊಂಡು ಬಂದರು? ಇಲ್ಲಿ ಒಲೆ ಹಚ್ಚಿದಾಗ ಅವರಿಗೆ ಯಾವುದು ಕಮ್ಮಿ ಅನ್ನಿಸುತ್ತದೆ? ಅವರ ಕಥೆಯೂ ಬರಬೇಕು, ಅವರೇ ಬರೆಯಬೇಕು ಅಂತ ನನಗೆ ಬಹಳ ಆಸೆ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. “ಪುಡಿ ಅಮ್ಮಂದೇ. ಆದ್ರೆ ಇಲ್ಲಿಯ ನೀರು, ಇಲ್ಲಿಯ ಟೊಮೆಟೊ ಸೇರಿ ಸಾರಿನ ರುಚಿಯೇ ಬೇರೆ ಆಗಿದೆ ಕಣೇ. ಈಗ ನಂಗೆ ಅದೇ ಬೇಕು ಅನ್ಸುತ್ತೆ” ಅಂದಳು.