ನೋಟ್‌ಬುಕ್ಕಿನಲ್ಲಿ ಉಳಿದ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ತಂಗಿಯ ಮನೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಅವಳ ಮಗನಿಗೆ ಆರು ವರ್ಷವಾಗಿದ್ದಾಗ ರಕ್ತದ ಕ್ಯಾನ್ಸರ್ ಬಂತು. ಹಾಸನದಿಂದ ಬೆಂಗಳೂರಿಗೆ ಎರಡೂವರೆ ವರ್ಷ ಓಡಾಡಿದರು. ಚಿಕಿತ್ಸೆಯ ಖರ್ಚೆಲ್ಲ ಹೆಚ್ಚುಕಡಿಮೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿನಲ್ಲೇ ಆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದಲ್ಲ, ಅದು. ನೋಟ್‌ಬುಕ್ಕಿನಲ್ಲಿರುವುದು ಬೇರೆ ಲೆಕ್ಕ. ಬಸ್ ಚಾರ್ಜು, ಆಸ್ಪತ್ರೆ ಹಿಂದಿನ ಬೀದಿಯ ರೂಮಿನ ಬಾಡಿಗೆ, ಎಳನೀರು, ಮಾಸ್ಕು. ತಂಗಿ ಬಟ್ಟೆ ಹೊಲಿಯುತ್ತಿದ್ದಳು. ಮಗ ಕಾಯಿಲೆ ಬಿದ್ದ ಮೇಲೆ ಮಿಷನ್ನಿಗೆ ಬಟ್ಟೆ ಮುಚ್ಚಿದಳು. ಪ್ರತಿ ತಿಂಗಳ ಕೊನೆಗೆ ಒಂದೇ ಸಾಲು: ‘ಹೊಲಿಗೆ - ಇಲ್ಲ.’

ಕಾಯಿಲೆಯಿಂದ ದುಡಿಮೆ ನಿಂತ ಇಂಥ ಸಾಲಿಗೆಂದೇ ಒಂದು ವಿಮೆ ಇದೆ. ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ, ಅಂದರೆ ಗಂಭೀರ ಕಾಯಿಲೆಯ ವಿಮೆ ಅಂತಾರೆ. ಅದು ಹೊಳೆದದ್ದು ಒಬ್ಬ ಡಾಕ್ಟರಿಗೆ, ದಕ್ಷಿಣ ಆಫ್ರಿಕಾದ ಮೇರಿಯಸ್ ಬರ್ನಾರ್ಡ್ ಅವರಿಗೆ. 1967ರಲ್ಲಿ ಜಗತ್ತಿನ ಮೊದಲ ಹೃದಯ ಕಸಿ ಮಾಡಿದ ತಂಡದಲ್ಲಿದ್ದವರು. ಆಪರೇಷನ್ ಆಗಿ ಬದುಕಿದವರು ದುಡ್ಡಿಲ್ಲದೆ ಸೋಲುವುದನ್ನು ನೋಡಿದ್ದರು. ಅವರ ಯೋಚನೆಯಿಂದ 1983ರಲ್ಲಿ ಈ ಪಾಲಿಸಿ ಬಂತು.

ಇದರಲ್ಲಿ ಆಸ್ಪತ್ರೆ ಬಿಲ್ಲಿನ ಲೆಕ್ಕ ಬರುವುದಿಲ್ಲ. ಪಟ್ಟಿಯಲ್ಲಿರುವ ಕಾಯಿಲೆ ಅಂತ ಖಚಿತವಾಗಬೇಕು, ಪಾಲಿಸಿಯಲ್ಲಿ ಹೇಳಿದಷ್ಟು ದಿನ ರೋಗಿ ಬದುಕಿರಬೇಕು. ಆಮೇಲೆ ಇಡೀ ಮೊತ್ತ ಒಟ್ಟಿಗೆ ಕೈಗೆ ಬರುತ್ತದೆ. ಬಾಡಿಗೆಗೆ ಕೊಡಿ, ಸಾಲ ತೀರಿಸಿ, ಯಾರೂ ಕೇಳುವುದಿಲ್ಲ. ಪಾಲಿಸಿ ಮಾಡಿಸಿದ ಮೊದಲ 90 ದಿನಗಳಲ್ಲಿ ಕಾಯಿಲೆ ಕಾಣಿಸಿಕೊಂಡರೆ ಮಾತ್ರ ಸಾಮಾನ್ಯವಾಗಿ ಏನೂ ಸಿಗದು.

ಮಕ್ಕಳ ವಿಷಯಕ್ಕೆ ಬಂದಾಗಲೇ ತೊಡಕು. ಆ ಪಟ್ಟಿ ದೊಡ್ಡವರ ಮೈಗೆ ಅಳತೆ ತೆಗೆದು ಹೊಲಿದದ್ದು. ಹಾರ್ಟ್ ಅಟ್ಯಾಕು, ಪಾರ್ಶ್ವವಾಯು, ಬೈಪಾಸು. ಐದು ವರ್ಷದ ಮಗುವಿಗೆ ಬೈಪಾಸು ಯಾಕೆ ಬರುತ್ತೆ, ಹೇಳಿ! ರಕ್ತದ ಕ್ಯಾನ್ಸರ್ ಪಟ್ಟಿಯಲ್ಲಿ ಇರುತ್ತದೆ, ಸರಿ. ಆದರೆ ಹೃದಯದ ತೂತಿನಂಥ ಹುಟ್ಟಿನಿಂದ ಬಂದ ತೊಂದರೆಗಳನ್ನು ಬಹಳಷ್ಟು ಪಾಲಿಸಿಗಳು ಹೊರಗಿಡುತ್ತವೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ಟೈಪ್ 1 ಸಕ್ಕರೆ ಕಾಯಿಲೆಯೂ ಸಾಮಾನ್ಯವಾಗಿ ಪಟ್ಟಿಯಲ್ಲಿ ಇರುವುದಿಲ್ಲ. ಇನ್ನು ಎಷ್ಟೋ ಪಾಲಿಸಿಗಳ ಬಾಗಿಲು ತೆರೆಯುವುದೇ 18 ತುಂಬಿದ ಮೇಲೆ.

ಹಾಗಾಗಿ ಏಜೆಂಟರು ಬಣ್ಣದ ಕಾಗದ ಮುಂದಿಟ್ಟಾಗ ಹೊರಗಿಟ್ಟ ಕಾಯಿಲೆಗಳ ಪುಟವನ್ನೇ ಮೊದಲು ತೆಗೆಸಿ. ಅವರಿಗೆ ಸ್ವಲ್ಪ ಬೇಜಾರಾಗಬಹುದು, ಪರವಾಗಿಲ್ಲ. ನನ್ನನ್ನು ಕೇಳಿದರೆ, ಮಗುವನ್ನು ಮೊದಲು ಮಾಮೂಲಿ ಫ್ಯಾಮಿಲಿ ಫ್ಲೋಟರ್, ಅಂದರೆ ಇಡೀ ಮನೆಗೆ ಒಂದೇ ಮೊತ್ತದ ಆರೋಗ್ಯ ವಿಮೆಗೆ ಸೇರಿಸಿ. ಎಷ್ಟೋ ಕಂಪನಿಗಳು ಮಗುವಿಗೆ 91 ದಿನ ಆದೊಡನೆ ಸೇರಿಸಿಕೊಳ್ಳುತ್ತವೆ. ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಯನ್ನು ದುಡಿಯುವ ಅಪ್ಪ ಅಮ್ಮನ ಹೆಸರಲ್ಲಿ ಮಾಡಿಸಿ. ಮಗುವಿನದು ಆಮೇಲೆ, ದುಡ್ಡು ಉಳಿದರೆ. ಫಾರಂ ತುಂಬುವಾಗ ಹಳೆಯ ಕಾಯಿಲೆ ಮುಚ್ಚಿಡಬೇಡಿ. ಕ್ಲೈಮು ತಿರಸ್ಕಾರವಾಗುವುದು ಎಷ್ಟೋ ಸಲ ಅಲ್ಲೇ.

ತಂಗಿಯ ಮಗ ಈಗ ನಾಲ್ಕನೇ ಕ್ಲಾಸು. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅವನ ಮಗ್ಗಿ ಇದೆ. ಮುಂದಿನಿಂದ ಬಂದ ಲೆಕ್ಕದ ಕೊನೆಯ ಸಾಲು ಮೊನ್ನೆ ನೋಡಿದೆ: ‘ಹೊಲಿಗೆ - ಎರಡು ಬ್ಲೌಸು.’