ಅಲೆ ಇರುವುದು ಸೆರಾಮಿಕ್ ಒಳಗೆ

ಕೇಳುಗರಿಗೆ ನಮಸ್ಕಾರ. ಆಂಟೆನಾ ಅಂದ ಕೂಡಲೇ ನೆನಪಾಗುವುದು ಲೋಹ, ಅಲ್ವಾ? ತಾರಸಿ ಮೇಲಿನ ಅಲ್ಯೂಮಿನಿಯಂ ಕಡ್ಡಿ, ರೌಟರ್ ಒಳಗಿನ ತಾಮ್ರದ ಪಟ್ಟಿ. ನಾನು ಇವತ್ತು ಹೇಳಹೊರಟಿರುವುದರಲ್ಲಿ ಅಲೆಯನ್ನು ಹೊರಗೆ ಕಳಿಸುವುದು ಒಂದು ಸೆರಾಮಿಕ್ ಬಿಲ್ಲೆ. ಡೈಎಲೆಕ್ಟ್ರಿಕ್ ರೆಸೊನೇಟರ್ ಆಂಟೆನಾ ಅಂತ ಅದರ ಹೆಸರು. ಡೈಎಲೆಕ್ಟ್ರಿಕ್ ಅಂದರೆ ವಿದ್ಯುತ್ ಹರಿಯದ ವಸ್ತು, ರೆಸೊನೇಟರ್ ಅಂದರೆ ತನ್ನದೇ ಫ್ರೀಕ್ವೆನ್ಸಿಯಲ್ಲಿ ಅನುರಣಿಸುವ ವಸ್ತು.

ಇಂಥ ಬಿಲ್ಲೆಗಳನ್ನು ಮೊದಲು ಲೋಹದ ಡಬ್ಬಿಯಲ್ಲಿ ಮುಚ್ಚಿ, ಬೇಕಾದ ಫ್ರೀಕ್ವೆನ್ಸಿಯನ್ನು ಮಾತ್ರ ಬಿಡುವ ಫಿಲ್ಟರ್‌ಗೆ ಬಳಸುತ್ತಿದ್ದರು. ಅಲೆ ಸೋರಬಾರದಲ್ಲ! ಆ ಸೋರಿಕೆಯೇ ನಮಗೆ ಬೇಕಾದದ್ದು ಅಂತ 1983ರಲ್ಲಿ ಹೂಸ್ಟನ್ ವಿಶ್ವವಿದ್ಯಾಲಯದ ಸ್ಟುವರ್ಟ್ ಲಾಂಗ್ ಮತ್ತು ಜೊತೆಗಾರರು ಅಳತೆ ಮಾಡಿ ತೋರಿಸಿದರು.

ಇದು ಪುಟ್ಟದಾಗುವುದು ಹೇಗೆ? ವೈಫೈಯ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಗಾಳಿಯಲ್ಲಿ 12.5 ಸೆಂಟಿಮೀಟರ್. ಅಲ್ಯುಮಿನಾ ಸೆರಾಮಿಕ್ ಒಳಗೆ ಅದೇ ಅಲೆ ಸುಮಾರು 4 ಸೆಂಟಿಮೀಟರಿಗೆ ಕುಗ್ಗುತ್ತದೆ. ಅಲೆ ಕುಗ್ಗಿದಷ್ಟು ಆಂಟೆನಾವೂ ಕುಗ್ಗುತ್ತದೆ. ಅಲೆ ಇರುವುದು ಸೆರಾಮಿಕ್ ಒಳಗೆ. ಇದೊಂದನ್ನು ಹಿಡಿದುಕೊಳ್ಳಿ.

ನಮ್ಮ ಪ್ರಯೋಗಾಲಯದಲ್ಲಿ ಒಬ್ಬ ಹುಡುಗ ಇದ್ದ, ಬಹಳ ಚುರುಕು. ಕಂಪ್ಯೂಟರಿನಲ್ಲಿ ಅವನ ಆಂಟೆನಾ ಸರಿಯಾದ ಫ್ರೀಕ್ವೆನ್ಸಿಯಲ್ಲೇ ಕೆಲಸ ಮಾಡುತ್ತಿತ್ತು. ಮೀಟರಿಗೆ ಹಾಕಿದರೆ ಮಾತ್ರ ಫ್ರೀಕ್ವೆನ್ಸಿ ಮೇಲೇರಿ ಕೂತಿರುತ್ತಿತ್ತು. ಕೇಬಲ್ ಬದಲಿಸಿದ, ಕನೆಕ್ಟರ್ ಬದಲಿಸಿದ, ಸಾಫ್ಟ್‌ವೇರನ್ನೂ ಬೈದ. "ಸರ್, ಮೆಟೀರಿಯಲ್ಲೇ ಸರಿ ಇಲ್ಲ" ಅಂದ. ನಾನು ಬಿಲ್ಲೆಯನ್ನು ತಗಡಿನ ಮೇಲಿಟ್ಟು, ಹಿಂದಿನಿಂದ ಟಾರ್ಚ್ ಹಿಡಿಯಲು ಹೇಳಿದೆ. ಬಿಲ್ಲೆಯ ಅಡಿಯಲ್ಲಿ ಕೂದಲೆಳೆಯಷ್ಟು ಬೆಳಕು! ತಳ ಸಮತಟ್ಟಾಗಿರಲಿಲ್ಲ. ಅಲ್ಲಿ ಗಾಳಿ ಸೇರಿತ್ತು. ಅಲೆ ಇರುವ ಜಾಗಕ್ಕೇ ಗಾಳಿ ಹೊಕ್ಕರೆ ಅಲೆ ಅಷ್ಟು ಕುಗ್ಗುವುದಿಲ್ಲ, ಫ್ರೀಕ್ವೆನ್ಸಿ ಏರುತ್ತದೆ. ತಳವನ್ನು ನುಣ್ಣಗೆ ಉಜ್ಜಿಸಿಕೊಂಡು ಬಂದ. ಮೀಟರಿನ ಗೆರೆ ಕೆಳಗಿಳಿದು ಲೆಕ್ಕದ ಹತ್ತಿರವೇ ನಿಂತಿತು. ಈಗಿನ ಮಕ್ಕಳಿಗೆ ನಾನು ಪದೇಪದೇ ಹೇಳುವುದಿಷ್ಟೇ: ಸಿಮ್ಯುಲೇಶನ್ ಓಡಿಸುತ್ತಲೇ ಇರಬೇಡಿ, ಬಿಲ್ಲೆಯನ್ನು ಕೈಗೆತ್ತಿಕೊಂಡು ನೋಡಿ.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಪರ್ಮಿಟಿವಿಟಿ, ಅಂದರೆ ಅಲೆಯನ್ನು ಕುಗ್ಗಿಸುವ ಗುಣ, ಜಾಸ್ತಿ ಇರುವ ಸೆರಾಮಿಕ್ ಹಾಕಿದರೆ ಆಂಟೆನಾ ಇನ್ನೂ ಪುಟ್ಟದಾಗುತ್ತದೆ, ಆದರೆ ಬ್ಯಾಂಡ್‌ವಿಡ್ತ್, ಅಂದರೆ ಅದು ಕೆಲಸ ಮಾಡುವ ಫ್ರೀಕ್ವೆನ್ಸಿಗಳ ಹರವು, ಕಿರಿದಾಗುತ್ತದೆ. ಸುಮ್ನೆ ಆಸೆಪಟ್ಟು ಪರ್ಮಿಟಿವಿಟಿ 100 ಇರುವುದನ್ನು ತರಬೇಡಿ, 10ರ ಆಸುಪಾಸಿನದು ಸಾಕು. ಇನ್ನೂ ಚಿಕ್ಕದು ಬೇಕೇ? ಬಿಲ್ಲೆಯನ್ನು ನಡುವೆ ಸೀಳಿ, ಸೀಳಿದ ಮುಖಕ್ಕೆ ಲೋಹದ ತಗಡು ಕೊಡಿ. ತಗಡು ಕನ್ನಡಿಯಾಗಿ ಉಳಿದರ್ಧವನ್ನು ತುಂಬಿಕೊಡುತ್ತದೆ. ಅಲ್ಲೂ ನಡುವೆ ಗಾಳಿ ಉಳಿಯದ ಹಾಗೆ ಬಿಗಿಯಾಗಿ ಅಂಟಿಸಿ. ನಮಸ್ಕಾರ.